ನೀರಿನ ಹದ ಕಾಯುವ ಯಂತ್ರಗಳು

ಬೆಳಿಗ್ಗೆ ನಲ್ಲಿ ತಿರುಗಿಸಿದಾಗ ಒಮ್ಮೊಮ್ಮೆ ನೀರಿನೊಂದಿಗೆ ಔಷಧಿಯ ವಾಸನೆಯೂ ಮೂಗಿಗೆ ಬಡಿಯುವುದುಂಟು. ‘ಇವತ್ತು ಬ್ಲೀಚಿಂಗ್ ಪೌಡರ್ ಜಾಸ್ತಿ ಹಾಕಿದ್ದಾರೆ’ ಎಂದು ಗೊಣಗಿ ನಾವು ಸುಮ್ಮನಾಗುತ್ತೇವೆ. ಆ ವಾಸನೆ ಸ್ವಲ್ಪವೂ ಬಾರದ ದಿನ ಗೊಣಗುವವರು ಯಾರೂ ಇಲ್ಲ. ನಿಜವಾಗಿ ವಿಚಾರಿಸಬೇಕಾದದ್ದು ಆ ದಿನವೇ ಇರಬಹುದು.

ಭಾರತೀಯ ಮಾನಕದ ಪ್ರಕಾರ, ಕ್ಲೋರಿನ್ ಬೆರೆಸಿದ ಕುಡಿಯುವ ನೀರು ಬಳಕೆದಾರನ ನಲ್ಲಿಗೆ ಬಂದು ತಲಪುವ ಹೊತ್ತಿಗೆ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಅದರಲ್ಲಿ ಉಳಿದಿರಬೇಕು. ಲೆಕ್ಕ ಹಾಕಿ ನೋಡಿ: 5,000 ಲೀಟರಿನ ಒಂದು ಟ್ಯಾಂಕರಿಗೆ ಕೇವಲ ಒಂದು ಗ್ರಾಂ. ಅಷ್ಟು ಉಳಿಯದಿದ್ದರೆ ಕಾಲರಾ, ವಿಷಮಶೀತ ಜ್ವರದ ರೋಗಾಣುಗಳಿಗೆ ದಾರಿ ತೆರೆದಂತೆ. ಹೆಚ್ಚಾದರೆ ಬಾಯಿಗಿಡಲಾಗದು. ಅತಿಯಾದರೆ ಅಮೃತವೂ ವಿಷವೆಂಬ ಮಾತು ಇಲ್ಲಿ ಅಕ್ಷರಶಃ ನಿಜ.

ನದಿಯ ನೀರು ಇದ್ದಂತೆ ಇರುವುದಿಲ್ಲ. ಬೇಸಿಗೆಯಲ್ಲಿ ತಿಳಿಯಾಗಿದ್ದದ್ದು ಮೊದಲ ಮಳೆಗೆ ಕೆಸರಾಗುತ್ತದೆ. ನಡುರಾತ್ರಿ ಊರು ಮಲಗಿರುವಾಗ ನೀರಿನ ಹರಿವು ಕಡಿಮೆ, ಬೆಳಗಿನ ಆರು ಗಂಟೆಗೆ ದುಪ್ಪಟ್ಟು. ಹೀಗೆ ಗಳಿಗೆ ಗಳಿಗೆಗೂ ಬದಲಾಗುವ ನೀರಿಗೆ ಗಳಿಗೆ ಗಳಿಗೆಗೂ ಲೆಕ್ಕ ತಪ್ಪದಂತೆ ಔಷಧಿ ಬೆರೆಸುವವರು ಯಾರು? ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಈ ಕೆಲಸವನ್ನು ಯಂತ್ರಗಳು ಮಾಡುತ್ತವೆ. ಇವಕ್ಕೆ ಡೋಸಿಂಗ್ ಕಂಟ್ರೋಲರ್, ಅಂದರೆ ಪ್ರಮಾಣ ನಿಯಂತ್ರಕ ಎಂದು ಹೆಸರು. ಬಣ್ಣದ ಕಾರ್ಖಾನೆ, ಔಷಧ ತಯಾರಿಕೆ, ತಂಪು ಪಾನೀಯ, ಹಾಲಿನ ಡೇರಿ ಹೀಗೆ ದ್ರವಕ್ಕೆ ದ್ರವ ಬೆರೆಸುವ ಎಲ್ಲ ಕಡೆಯೂ ಇವುಗಳದೇ ಕಾರುಬಾರು. ಆದರೆ ಇವು ತಪ್ಪಿದರೆ ಎಷ್ಟು ಜನರ ಜೀವಕ್ಕೆ ಕುತ್ತು ಬರಬಹುದು ಎಂಬುದು ಸ್ಪಷ್ಟವಾಗಿ ಕಾಣುವುದು ಕುಡಿಯುವ ನೀರಿನಲ್ಲಿಯೇ. ಆದ್ದರಿಂದ ಅವುಗಳ ಚರಿತ್ರೆಯನ್ನು ನೀರಿನ ಮೂಲಕವೇ ನೋಡುವುದು ಒಳ್ಳೆಯದು.

ಮೂರು ಪ್ರಶ್ನೆಗಳು

ಒಂದು ದ್ರವಕ್ಕೆ ಇನ್ನೊಂದನ್ನು ಹದವಾಗಿ ಬೆರೆಸುವವನು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಎಷ್ಟು ಬರುತ್ತಿದೆ? ಅದಕ್ಕೆ ಎಷ್ಟು ಹಾಕಬೇಕು? ಹಾಕಿದ್ದು ಸಾಕಾಯಿತೇ?

ಅಡುಗೆಮನೆಯಲ್ಲಿ ಸಾರು ಕುದಿಸುವವರು ಈ ಮೂರನ್ನೂ ಯೋಚಿಸದೆಯೇ ಮಾಡುತ್ತಾರೆ. ಪಾತ್ರೆಯನ್ನು ನೋಡುತ್ತಾರೆ, ಕೈಯಳತೆಯಲ್ಲಿ ಉಪ್ಪು ಹಾಕುತ್ತಾರೆ, ಸೌಟಿನಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾರೆ. ಪಾತ್ರೆ ಪಾತ್ರೆಯಾಗಿ ಬೆರೆಸುವ ಈ ಕ್ರಮಕ್ಕೆ ಕಾರ್ಖಾನೆಗಳಲ್ಲಿ ‘ಬ್ಯಾಚ್’ ಎನ್ನುತ್ತಾರೆ. ನದಿಯಂತೆ ಹರಿಯುತ್ತಲೇ ಇರುವುದಕ್ಕೆ ಬೆರೆಸುವುದು ಇನ್ನೂ ಕಷ್ಟ. ಅಲ್ಲಿ ತಪ್ಪಾಗಿ ಬೆರೆಸಿದ ನೀರು ಆಗಲೇ ಮುಂದೆ ಹೋಗಿಬಿಟ್ಟಿರುತ್ತದೆ.

ಮನುಷ್ಯ ಯಂತ್ರಕ್ಕೆ ಮೊದಲ ಪ್ರಶ್ನೆಗಳನ್ನು ಬೇಗ ಕಲಿಸಿದ. ಮೂರನೆಯದನ್ನು ಕಲಿಸಲು ಸಾವಿರಾರು ವರ್ಷ ಹಿಡಿಯಿತು.

ಅಲೆಕ್ಸಾಂಡ್ರಿಯದ ತೇಲುಬುರುಡೆ

ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಕ್ರಿ.ಪೂ. 3ನೇ ಶತಮಾನದಲ್ಲಿ ಕ್ಟೆಸಿಬಿಯಸ್ ಎಂಬ ಗ್ರೀಕ್ ಯಂತ್ರಶಿಲ್ಪಿ ಇದ್ದ. ಅವನು ನೀರಿನ ಗಡಿಯಾರಗಳನ್ನು ಸುಧಾರಿಸಿದವನು. ನಮ್ಮ ಹಿರಿಯರ ಗಳಿಗೆ ಬಟ್ಟಲು ನಿಮಗೆ ಗೊತ್ತಿರಬಹುದು. ತಳದಲ್ಲಿ ಸಣ್ಣ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ಅದು ತುಂಬಿ ಮುಳುಗಲು ಹಿಡಿಯುವ ಸಮಯ ಒಂದು ಗಳಿಗೆ. ಕ್ಟೆಸಿಬಿಯಸ್‌ನ ಗಡಿಯಾರದಲ್ಲಿ ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸಣ್ಣ ರಂಧ್ರದ ಮೂಲಕ ಒಂದೇ ಸಮನೆ ಹರಿಯಬೇಕಿತ್ತು. ಆದರೆ ಮೇಲಿನ ಪಾತ್ರೆಯಲ್ಲಿ ನೀರು ಇಳಿದಂತೆ ಒತ್ತಡ ಕುಗ್ಗಿ ಹರಿವೂ ನಿಧಾನವಾಗುತ್ತದೆ. ಗಡಿಯಾರ ಹಿಂದೆ ಬೀಳುತ್ತದೆ.

ಅವನು ಕಂಡುಕೊಂಡ ಉಪಾಯ ಒಂದು ತೇಲುಬುರುಡೆ. ಪಾತ್ರೆಯಲ್ಲಿ ನೀರು ಏರಿದರೆ ಬುರುಡೆ ಮೇಲೇರಿ ಒಳಬರುವ ನೀರಿನ ಬಾಯಿ ಮುಚ್ಚುತ್ತದೆ. ನೀರು ಇಳಿದರೆ ತಾನೂ ಇಳಿದು ಬಾಯಿ ತೆರೆಯುತ್ತದೆ. ಹೀಗೆ ಮಟ್ಟ ಸದಾ ಒಂದೇ ಆಗಿ, ರಂಧ್ರದಿಂದ ಬೀಳುವ ಹನಿಯೂ ಒಂದೇ ಸಮ ಆಗುತ್ತದೆ. ಇಂದು ನಮ್ಮ ಮನೆಯ ಮೇಲಿನ ತೊಟ್ಟಿಯಲ್ಲಿ ನೀರು ತುಂಬಿ ಚೆಲ್ಲದಂತೆ ತಡೆಯುವ ಬಾಲ್‌ವಾಲ್ವ್ ಈ ಬುರುಡೆಯ ವಂಶದ್ದೇ.

ಅದೇ ಅಲೆಕ್ಸಾಂಡ್ರಿಯದಲ್ಲಿ ಕ್ರಿ.ಶ. 1ನೇ ಶತಮಾನದಲ್ಲಿದ್ದ ಹೀರೋ ಎಂಬಾತ ಒಂದು ಸೋಜಿಗದ ಪೆಟ್ಟಿಗೆಯನ್ನು ವರ್ಣಿಸಿದ್ದಾನೆ. ದೇವಾಲಯಕ್ಕೆ ಬಂದ ಭಕ್ತ ಅದರಲ್ಲಿ ನಾಣ್ಯ ಹಾಕುತ್ತಾನೆ. ನಾಣ್ಯ ಒಳಗಿನ ತಟ್ಟೆಯ ಮೇಲೆ ಬಿದ್ದು ಸನ್ನೆಯನ್ನು ಬಗ್ಗಿಸುತ್ತದೆ, ಮುಚ್ಚಳ ತೆರೆದು ಪವಿತ್ರ ಜಲ ಸುರಿಯುತ್ತದೆ. ತಟ್ಟೆ ವಾಲಿ ನಾಣ್ಯ ಜಾರಿಬಿದ್ದೊಡನೆ ಮುಚ್ಚಳ ಮುಚ್ಚಿಕೊಳ್ಳುತ್ತದೆ. ಒಂದು ನಾಣ್ಯಕ್ಕೆ ಒಂದು ಪ್ರಮಾಣ! ಆದರೆ ಭಕ್ತನ ಕೈಯಲ್ಲಿ ಬಟ್ಟಲಿದೆಯೇ, ಅದು ಆಗಲೇ ತುಂಬಿದೆಯೇ ಎಂಬುದು ಈ ಯಂತ್ರಕ್ಕೆ ತಿಳಿಯದು. ಅದು ಹಾಕುತ್ತದೆ, ಹಾಕಿದ್ದರ ಫಲವನ್ನು ನೋಡುವುದಿಲ್ಲ. ತೇಲುಬುರುಡೆಯಾದರೋ ತನ್ನ ಕೆಲಸದ ಫಲವನ್ನು ತಾನೇ ನೋಡಿಕೊಂಡು ತಿದ್ದಿಕೊಳ್ಳುತ್ತದೆ. ಪ್ರಮಾಣ ನಿಯಂತ್ರಕಗಳ ಮುಂದಿನ ಚರಿತ್ರೆಯೆಲ್ಲ ಈ ಎರಡರ ನಡುವಿನ ವ್ಯತ್ಯಾಸದ ಚರಿತ್ರೆ ಎನ್ನಬಹುದು.

ಕಾಲರಾ ಕಲಿಸಿದ ಪಾಠ

ನೀರಿಗೆ ಔಷಧಿ ಬೆರೆಸಬೇಕೆಂಬ ಯೋಚನೆ ಬಂದದ್ದು ಬಹಳ ತಡವಾಗಿ. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟ್ ಸುತ್ತಮುತ್ತ ಕಾಲರಾ ಹಬ್ಬಿದಾಗ ಡಾ. ಜಾನ್ ಸ್ನೋ ಎಂಬ ವೈದ್ಯ ರೋಗದ ಮೂಲ ಅಲ್ಲಿನ ಒಂದು ಬೀದಿ ಪಂಪು ಎಂದು ತೋರಿಸಿ ಅದರ ಹಿಡಿಯನ್ನು ಕಳಚಿಸಿದ. ಆದರೂ ಬಹುಪಾಲು ವೈದ್ಯರು ರೋಗ ಹರಡುವುದು ಕೆಟ್ಟ ಗಾಳಿಯಿಂದಲೇ ಎಂದು ನಂಬಿದ್ದರು. 1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಕಲ್ಕತ್ತೆಗೆ ಬಂದು ರೋಗಿಗಳಲ್ಲಿಯೂ ಅವರು ಬಳಸುತ್ತಿದ್ದ ಕೆರೆಯ ನೀರಿನಲ್ಲಿಯೂ ಕಾಲರಾ ರೋಗಾಣುವನ್ನು ಗುರುತಿಸಿದ ಮೇಲೆ ಸಂಶಯಕ್ಕೆ ಎಡೆ ಕಡಿಮೆಯಾಯಿತು.

1892ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಎಲ್ಬ್ ನದಿಯ ನೀರನ್ನು ಸೋಸದೆ ಕುಡಿಯುತ್ತಿತ್ತು. ಆ ವರ್ಷ ಅಲ್ಲಿ ಕಾಲರಾಕ್ಕೆ 8,000ಕ್ಕೂ ಹೆಚ್ಚು ಜನ ಬಲಿಯಾದರು. ಪಕ್ಕಕ್ಕೇ ಅಂಟಿಕೊಂಡಿದ್ದ ಆಲ್ಟೋನ ಪಟ್ಟಣವೂ ಅದೇ ನದಿಯ ನೀರನ್ನೇ ಕುಡಿಯುತ್ತಿತ್ತು. ಆದರೆ ಅಲ್ಲಿ ಮರಳಿನ ಸೋಸುಗಳಿದ್ದವು. ಆ ಪಟ್ಟಣ ಬಹುಮಟ್ಟಿಗೆ ಪಾರಾಯಿತು. ನೀರು ಸೋಸುವುದು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿರಲಿಲ್ಲ.

ಸೋಸಿದ ಮೇಲೂ ಉಳಿಯುವ ರೋಗಾಣುಗಳಿಗೆ ಏನು ಮಾಡುವುದು? 1897ರಲ್ಲಿ ಇಂಗ್ಲೆಂಡಿನ ಮೇಡ್‌ಸ್ಟನ್ ಊರಿನಲ್ಲಿ ವಿಷಮಶೀತ ಜ್ವರ ಹಬ್ಬಿದಾಗ ಕೊಳವೆಗಳನ್ನು ಬ್ಲೀಚಿಂಗ್ ಪೌಡರಿನ ದ್ರಾವಣದಿಂದ ತೊಳೆದರು. 1905ರಲ್ಲಿ ಲಿಂಕನ್ ಊರಿನಲ್ಲಿ ಅಲೆಕ್ಸಾಂಡರ್ ಹೌಸ್ಟನ್ ಕ್ಲೋರಿನ್ ದ್ರಾವಣವನ್ನು ಕುಡಿಯುವ ನೀರಿಗೇ ಬೆರೆಸಿದ. ಇದರ ನಡುವೆ 1903ರಲ್ಲಿ ಭಾರತೀಯ ವೈದ್ಯಕೀಯ ಸೇವೆಯ ಅಧಿಕಾರಿ ವಿನ್ಸೆಂಟ್ ನೆಸ್‌ಫೀಲ್ಡ್ ಕ್ಲೋರಿನ್ ಅನಿಲವನ್ನು ಒತ್ತಿ ದ್ರವವಾಗಿಸಿ, ಅದರಿಂದ ನೀರನ್ನು ಶುದ್ಧಗೊಳಿಸುವ ಕ್ರಮವನ್ನು ಪ್ರಕಟಿಸಿದ. ಮುಂದೆ ಜಗತ್ತೆಲ್ಲ ಹಿಡಿದ ದಾರಿಯನ್ನು ಮೊದಲೇ ಸೂಚಿಸಿದವರಲ್ಲಿ ಭಾರತದ ಸೇವೆಯಲ್ಲಿದ್ದ ಒಬ್ಬ ವೈದ್ಯನೂ ಇದ್ದ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ನ್ಯಾಯಾಲಯ ಹತ್ತಿದ ನೀರು

ಈ ಕಥೆಯ ಮುಖ್ಯ ತಿರುವು ಅಮೆರಿಕದ ನ್ಯೂಜೆರ್ಸಿಯಲ್ಲಿದೆ. ಜೆರ್ಸಿ ಸಿಟಿ ಎಂಬ ನಗರಕ್ಕೆ ಖಾಸಗಿ ಕಂಪನಿಯೊಂದು ಬೂಂಟನ್ ಜಲಾಶಯದಿಂದ ನೀರು ಒದಗಿಸುತ್ತಿತ್ತು. ಕರಾರಿನ ಪ್ರಕಾರ ನೀರು ಶುದ್ಧವಾಗಿಯೂ ಆರೋಗ್ಯಕರವಾಗಿಯೂ ಇರಬೇಕು. ಅದು ಹಾಗಿಲ್ಲವೆಂದು ನಗರ ನ್ಯಾಯಾಲಯಕ್ಕೆ ಹೋಯಿತು. 1908ರಲ್ಲಿ ನ್ಯಾಯಾಧೀಶರು ಕೊಟ್ಟ ತೀರ್ಪು ಸೂಕ್ಷ್ಮವಾಗಿತ್ತು. ನೀರು ಸಾಮಾನ್ಯವಾಗಿ ಚೆನ್ನಾಗಿಯೇ ಇದೆ, ಆದರೆ ವರ್ಷದಲ್ಲಿ ಎರಡು ಮೂರು ಬಾರಿ ಜೋರು ಮಳೆ ಬಂದಾಗ ಕೆಡುತ್ತದೆ. ಆದ್ದರಿಂದ ಕಂಪನಿ ಮೇಲ್ಭಾಗದ ಊರುಗಳಿಗೆ ಒಳಚರಂಡಿ ಕಟ್ಟಿಸಬೇಕು, ಇಲ್ಲವೇ ಬೇರೆ ಉಪಾಯ ಮಾಡಬೇಕು.

ಕಂಪನಿಯ ಸಲಹೆಗಾರನಾಗಿದ್ದ ಡಾ. ಜಾನ್ ಲೀಲ್ ಈ ‘ಬೇರೆ ಉಪಾಯ’ ಎಂಬ ಮಾತನ್ನೇ ಹಿಡಿದುಕೊಂಡ. ವೈದ್ಯನಾಗಿದ್ದ ಅವನ ತಂದೆ ಅಮೆರಿಕದ ಅಂತರ್ಯುದ್ಧದಲ್ಲಿ ಸೈನ್ಯದೊಂದಿಗೆ ಹೋದಾಗ ಅಂಟಿಸಿಕೊಂಡ ಆಮಶಂಕೆಯಿಂದ ವರ್ಷಗಟ್ಟಲೆ ನರಳಿ ಸತ್ತಿದ್ದ. ಲೀಲ್ ನ್ಯಾಯಾಲಯದ ಒಪ್ಪಿಗೆಗೂ ಕಾಯದೆ, ನೀರಿಗೆ ಬ್ಲೀಚಿಂಗ್ ಪೌಡರ್ ಬೆರೆಸುವ ಘಟಕ ಕಟ್ಟಿಸಿದ. ಜಾರ್ಜ್ ವಾರನ್ ಫುಲ್ಲರ್ ಎಂಬ ಎಂಜಿನಿಯರ್ ಅದನ್ನು 99 ದಿನಗಳಲ್ಲಿ ಸಿದ್ಧಮಾಡಿಕೊಟ್ಟ. 1908ರ ಸೆಪ್ಟೆಂಬರ್ 26ರಂದು ಅದು ಕೆಲಸ ಶುರುಮಾಡಿತು. ದಿನಕ್ಕೆ 4 ಕೋಟಿ ಗ್ಯಾಲನ್, ಅಂದರೆ ಸುಮಾರು 15 ಕೋಟಿ ಲೀಟರ್ ನೀರು. ಹಾಕಿದ ಕ್ಲೋರಿನ್ ನೀರಿನ ಹತ್ತು ಲಕ್ಷ ಪಾಲಿಗೆ ಒಂದು ಪಾಲಿಗಿಂತಲೂ ಕಡಿಮೆ.

ಜನಕ್ಕೆ ತಿಳಿಸದೆ ಅವರು ಕುಡಿಯುವ ನೀರಿಗೆ ರಾಸಾಯನಿಕ ಹಾಕುವುದೆಂದರೆ ಸಾಮಾನ್ಯ ಮಾತೇ? ನಮ್ಮ ಹಳ್ಳಿಗಳಲ್ಲಿ ‘ಮದ್ದು ಹಾಕಿದರು’ ಎಂಬ ಮಾತಿಗೆ ಇರುವ ಎರಡನೆಯ ಅರ್ಥ ನಮಗೆಲ್ಲ ಗೊತ್ತು. ಅದೇ ಭಯ ಅಲ್ಲಿಯೂ ಇತ್ತು. ಮರುವಿಚಾರಣೆಯಲ್ಲಿ ಲೀಲ್‌ನನ್ನು ವಕೀಲರು ದಿನಗಟ್ಟಲೆ ಪ್ರಶ್ನಿಸಿದರು. ಈ ನೀರನ್ನು ನೀನು ಕುಡಿಯುತ್ತೀಯಾ, ನಿನ್ನ ಹೆಂಡತಿ ಮಕ್ಕಳಿಗೆ ಕೊಡುತ್ತೀಯಾ ಎಂದು ಕೇಳಿದಾಗ ಅವನು ಹಿಂಜರಿಯದೆ ಹೌದೆಂದ. ನಗರದ ಪರ ವಾದಿಸಿದವರ ಮುಖ್ಯ ಆಕ್ಷೇಪಗಳಲ್ಲೊಂದು ಯಂತ್ರದ ನಂಬಿಕೆಗೆ ಸಂಬಂಧಿಸಿದ್ದು: ಇದು ಹಗಲಿರುಳು, ಒಂದು ದಿನವೂ ತಪ್ಪದೆ ಕೆಲಸ ಮಾಡುತ್ತದೆಂಬುದಕ್ಕೆ ಏನು ಭರವಸೆ? 1910ರಲ್ಲಿ ತೀರ್ಪು ಕ್ಲೋರಿನ್ ಪರವಾಗಿ ಬಂತು. ಆ ಬಳಿಕ ಅಮೆರಿಕದ ಊರುಗಳು ಒಂದರ ಹಿಂದೆ ಒಂದು ಈ ಕ್ರಮವನ್ನು ಹಿಡಿದವು. ಸೋಸುವಿಕೆ, ಕ್ಲೋರಿನ್ ಎರಡೂ ಸೇರಿ ಮುಂದಿನ ದಶಕಗಳಲ್ಲಿ ಅಲ್ಲಿ ವಿಷಮಶೀತ ಜ್ವರದ ಸಾವು ತೀವ್ರವಾಗಿ ಇಳಿಯಿತು.

ಅಂದಿನ ಘಟಕಗಳಲ್ಲಿ ಔಷಧಿ ಬೆರೆಸುತ್ತಿದ್ದದ್ದು ಹೇಗೆ? ತೊಟ್ಟಿಯಲ್ಲಿ ಪುಡಿಯನ್ನು ಕದಡಿ ದ್ರಾವಣ ಮಾಡುತ್ತಿದ್ದರು. ಅದು ಸದಾ ಒಂದೇ ಮಟ್ಟದಲ್ಲಿರುವ ಸಣ್ಣ ಪೆಟ್ಟಿಗೆಗೆ ಬಂದು, ಅಲ್ಲಿಂದ ಅಳತೆಯ ರಂಧ್ರದ ಮೂಲಕ ನೀರಿಗೆ ಬೀಳುತ್ತಿತ್ತು. ಮಟ್ಟ ಒಂದೇ ಆಗಿರಿಸುವ ತತ್ವ ಕ್ಟೆಸಿಬಿಯಸ್‌ನ ಗಡಿಯಾರದ್ದೇ! ಎರಡು ಸಾವಿರ ವರ್ಷಗಳ ಬಳಿಕ ಅದು ಮನುಷ್ಯರ ಪ್ರಾಣ ಕಾಯಲು ಮತ್ತೆ ಒದಗಿ ಬಂತು.

1913ರಲ್ಲಿ ಚಾರ್ಲ್ಸ್ ವ್ಯಾಲೇಸ್ ಮತ್ತು ಮಾರ್ಟಿನ್ ಟಿಯರ್ನನ್ ಎಂಬ ಇಬ್ಬರು ಕ್ಲೋರಿನ್ ಅನಿಲವನ್ನೇ ಅಳೆದು ನೀರಿಗೆ ಬಿಡುವ ಯಂತ್ರವನ್ನು ತಯಾರಿಸಿ ನ್ಯೂಜೆರ್ಸಿಯಲ್ಲಿಯೇ, ಅದೇ ರಾಕವೇ ನದಿಯ ನೀರಿಗೆ ಅಳವಡಿಸಿದರು. ಎರಡು ವರ್ಷಗಳ ಬಳಿಕ, 1915ರ ಏಪ್ರಿಲ್‌ನಲ್ಲಿ, ಬೆಲ್ಜಿಯಂನ ಈಪ್ರ್ ರಣಭೂಮಿಯಲ್ಲಿ ಜರ್ಮನ್ ಸೇನೆ ಇದೇ ಅನಿಲವನ್ನು ಶತ್ರುಗಳ ಮೇಲೆ ಬಿಟ್ಟಿತು. ಒಂದೇ ವಸ್ತು ಒಂದು ಪ್ರಮಾಣದಲ್ಲಿ ಪ್ರಾಣ ಉಳಿಸುವುದು, ಇನ್ನೊಂದು ಪ್ರಮಾಣದಲ್ಲಿ ಪ್ರಾಣ ತೆಗೆಯುವುದು. ನಡುವೆ ಇದ್ದದ್ದು ಅಳತೆ ಮಾತ್ರ.

ನೀರನ್ನೇ ಕೇಳುವ ವಿದ್ಯೆ

ಇಷ್ಟಾದರೂ ಎರಡನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಇಷ್ಟು ನೀರಿಗೆ ಇಷ್ಟು ಕ್ಲೋರಿನ್ ಎಂದು ಒಂದೇ ಸೂತ್ರ ಹಾಕುವಂತಿಲ್ಲ. ನೀರಿನಲ್ಲಿರುವ ಕೊಳೆ, ಕೊಳೆತ ಎಲೆ, ಕಬ್ಬಿಣ, ಅಮೋನಿಯ ಮೊದಲಾದುವು ಕ್ಲೋರಿನ್ನನ್ನು ತಾವೇ ನುಂಗಿಬಿಡುತ್ತವೆ. ಅವುಗಳ ಹಸಿವು ತೀರಿದ ಮೇಲೆ ಉಳಿದದ್ದು ಮಾತ್ರ ಮುಂದೆ ಕೊಳವೆಯ ಉದ್ದಕ್ಕೂ ಕಾವಲು ಕಾಯುವಂಥದು. 1919ರಲ್ಲಿ ಬಾಲ್ಟಿಮೋರಿನ ಏಬಲ್ ವೋಲ್ಮನ್ ಮತ್ತು ಲಿನ್ ಎನ್‌ಸ್ಲೋ ಈ ‘ಬೇಡಿಕೆ’ಯನ್ನು ಅಳೆದು ಅದಕ್ಕೆ ತಕ್ಕಂತೆ ಕ್ಲೋರಿನ್ ಹಾಕುವ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದರು.

ಇದೇ ತತ್ವದ ಬಹು ಸರಳ ರೂಪ ನಮ್ಮ ದೇಶದ ಆರೋಗ್ಯ ಸಹಾಯಕರಿಗೆ ಬಹುಕಾಲದಿಂದ ಪರಿಚಿತ. ಬ್ರಿಟಿಷ್ ಸೇನಾ ವೈದ್ಯ ವಿಲಿಯಂ ಹಾರಕ್ಸ್ ರೂಪಿಸಿದ ಪೆಟ್ಟಿಗೆಯಲ್ಲಿ ಆರು ಬಿಳಿ ಬಟ್ಟಲುಗಳಿರುತ್ತವೆ. ಎಲ್ಲದಕ್ಕೂ ಅದೇ ಬಾವಿಯ ನೀರು. ಬ್ಲೀಚಿಂಗ್ ಪೌಡರಿನ ದ್ರಾವಣ ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ. ಅರ್ಧ ಗಂಟೆ ಬಿಟ್ಟು ಪಿಷ್ಟ ಮತ್ತು ಅಯೋಡೈಡ್ ಸೇರಿದ ಸೂಚಕವನ್ನು ಹಾಕಿದರೆ ಕ್ಲೋರಿನ್ ಉಳಿದಿರುವ ಬಟ್ಟಲು ನೀಲಿಯಾಗುತ್ತದೆ. ನೀಲಿ ಮೊದಲು ಕಂಡದ್ದು ಮೂರನೆಯ ಬಟ್ಟಲಿನಲ್ಲಾದರೆ, ಪ್ರತಿ 455 ಲೀಟರ್ ನೀರಿಗೆ ಎರಡು ಗ್ರಾಮಿನ ಚಮಚದಲ್ಲಿ ಮೂರು ಚಮಚ ಪುಡಿ ಹಾಕಬೇಕು. ಎಷ್ಟು ಬೇಕೆಂದು ಪುಸ್ತಕವನ್ನು ಕೇಳುವ ಬದಲು ನೀರನ್ನೇ ಕೇಳುವ ವಿದ್ಯೆ ಇದು.

ಚುಕ್ಕಾಣಿಗಾರನ ಕೈ

ಇನ್ನುಳಿದದ್ದು ಮೂರನೆಯ ಪ್ರಶ್ನೆ. ಫಲವನ್ನು ನೋಡಿ ತಿದ್ದಿಕೊಳ್ಳುವುದನ್ನು ಯಂತ್ರಕ್ಕೆ ಹೇಗೆ ಕಲಿಸುವುದು? ಇದಕ್ಕೆ ಒಳ್ಳೆಯ ಉತ್ತರ ಸಿಕ್ಕಿದ್ದು ನೀರಿನ ಮೇಲೆಯೇ. ಆದರೆ ಶುದ್ಧೀಕರಣ ಘಟಕದಲ್ಲಲ್ಲ, ಹಡಗಿನಲ್ಲಿ.

ರಷ್ಯದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ನಿಕೊಲಾಸ್ ಮಿನೋರ್ಸ್ಕಿ ಯುದ್ಧನೌಕೆಗಳನ್ನು ತಾನಾಗಿ ನಡೆಸುವ ಯಂತ್ರದ ಬಗೆಗೆ ಕೆಲಸ ಮಾಡುತ್ತಿದ್ದ. ಪಳಗಿದ ಚುಕ್ಕಾಣಿಗಾರ ಏನು ಮಾಡುತ್ತಾನೆಂದು ಗಮನಿಸಿ, ಅದನ್ನು 1922ರಲ್ಲಿ ಗಣಿತದ ರೂಪದಲ್ಲಿ ಬರೆದ. ಚುಕ್ಕಾಣಿಗಾರ ಮೂರು ಸಂಗತಿ ನೋಡುತ್ತಾನೆ: ಹಡಗು ಈಗ ಎಷ್ಟು ದಾರಿ ತಪ್ಪಿದೆ, ಎಷ್ಟು ಹೊತ್ತಿನಿಂದ ತಪ್ಪುತ್ತಾ ಬಂದಿದೆ, ಎಷ್ಟು ವೇಗವಾಗಿ ತಪ್ಪುತ್ತಿದೆ. ಬಚ್ಚಲಿನಲ್ಲಿ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸುವಾಗ ನಮ್ಮ ಕೈ ಮಾಡುವುದೂ ಇದನ್ನೇ. ತೀರ ಸುಡುತ್ತಿದ್ದರೆ ತಂಬಿಗೆ ತುಂಬ ಸುರಿಯುತ್ತೇವೆ. ಸುರಿದ ಮೇಲೂ ಬಿಸಿ ಸ್ವಲ್ಪ ಉಳಿದೇ ಇದ್ದರೆ ಇನ್ನಷ್ಟು ಸೇರಿಸುತ್ತೇವೆ. ಬೇಗ ಆರುತ್ತಿದೆ ಎನ್ನಿಸಿದರೆ ಕೈ ಹಿಂದೆಗೆಯುತ್ತೇವೆ.

1930ರ ದಶಕದಿಂದ ಈ ಜಾಣ್ಮೆಯುಳ್ಳ ನಿಯಂತ್ರಕಗಳು ಕಾರ್ಖಾನೆಗಳಿಗೆ ಬಂದವು. ಅವು ನಡೆಯುತ್ತಿದ್ದದ್ದು ವಿದ್ಯುತ್ತಿನಿಂದಲ್ಲ, ಕೊಳವೆಗಳಲ್ಲಿ ಒತ್ತಿದ ಗಾಳಿಯಿಂದ. ಆದರೆ ಅವುಗಳನ್ನು ಹದಗೊಳಿಸುವುದೇ ತಲೆನೋವು. ಒಂದು ತಿರುಪನ್ನು ಕೊಂಚ ಹೆಚ್ಚು ತಿರುಗಿಸಿದರೆ ಯಂತ್ರ ತೂಗುಯ್ಯಾಲೆಯಂತೆ ಅತ್ತಿಂದಿತ್ತ ಓಲಾಡತೊಡಗುತ್ತಿತ್ತು. 1942ರಲ್ಲಿ ಟೇಲರ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಜಾನ್ ಝೀಗ್ಲರ್ ಮತ್ತು ನಥಾನಿಯಲ್ ನಿಕಲ್ಸ್ ಇದಕ್ಕೆ ಸುಲಭ ಸೂತ್ರಗಳನ್ನು ಕೊಟ್ಟರು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಅವನ್ನು ಓದುತ್ತಾರೆ.

ನೀರಿಗೆ ಕ್ಲೋರಿನ್ ಬೆರೆಸುವಲ್ಲಿ ಇನ್ನೊಂದು ತೊಡಕಿದೆ. ಅದೆಂದರೆ ತಡ. ಕ್ಲೋರಿನ್ ಬೆರೆತು ಕೆಲಸ ಮಾಡಲು ಸುಮಾರು ಅರ್ಧ ಗಂಟೆ ಬೇಕು. ಫಲ ನೋಡುವ ಉಪಕರಣ ಕೊಳವೆಯಲ್ಲಿ ಮುಂದೆ ಎಲ್ಲೋ ಇರುತ್ತದೆ. ಸಾಂಬಾರಿಗೆ ಹಾಕಿದ ಉಪ್ಪು ಕರಗುವ ಮೊದಲೇ ರುಚಿ ನೋಡಿ, ಸಾಲದೆಂದು ಮತ್ತೆ ಮತ್ತೆ ಹಾಕಿದರೆ ಏನಾಗುತ್ತದೆ? ಯಂತ್ರವೂ ಅದೇ ತಪ್ಪು ಮಾಡೀತು. ಅದಕ್ಕಾಗಿ ಎರಡು ಕ್ರಮಗಳನ್ನು ಜೋಡಿಸುತ್ತಾರೆ. ಹರಿವಿನ ಮಾಪಕ ಎಷ್ಟು ನೀರು ಬರುತ್ತಿದೆಯೆಂದು ಹೇಳಿದೊಡನೆ ಅದಕ್ಕೆ ತಕ್ಕ ಪ್ರಮಾಣ ಬೀಳುತ್ತದೆ. ಮುಂದಿರುವ ಕ್ಲೋರಿನ್ ಮಾಪಕ ಉಳಿಕೆಯನ್ನು ನೋಡಿ ಆ ಪ್ರಮಾಣವನ್ನು ನಿಧಾನವಾಗಿ ತಿದ್ದುತ್ತದೆ.

1969ರಲ್ಲಿ ಡಿಕ್ ಮಾರ್ಲಿ ಮತ್ತು ಅವನ ಸಂಗಡಿಗರು ‘ಮೋಡಿಕಾನ್ 084’ ಎಂಬ ನಿಯಂತ್ರಕವನ್ನು ಹೊರತಂದರು. ಮೂಲತಃ ಕಾರು ತಯಾರಿಕೆಗೆಂದು ಹುಟ್ಟಿದ ಇದರ ಸಂತತಿಯೇ ಪಿ.ಎಲ್.ಸಿ. ಎಂಬ ಹೆಸರಿನಿಂದ ಇಂದು ಕಾರ್ಖಾನೆಗಳಲ್ಲೂ ನೀರಿನ ಘಟಕಗಳಲ್ಲೂ ಗೋಡೆಯ ಪೆಟ್ಟಿಗೆಯೊಳಗೆ ಕುಳಿತಿದೆ. ಏನು ಮಾಡಬೇಕೆಂಬುದನ್ನು ಬದಲಿಸಲು ತಂತಿ ಕಿತ್ತು ಜೋಡಿಸಬೇಕಿಲ್ಲ, ಬರೆದ ಸೂಚನೆ ಬದಲಿಸಿದರೆ ಸಾಕು. 1995ರಲ್ಲಿ ಅಮೆರಿಕದಲ್ಲಿ ಬಂದ ‘ಐ.ಎಸ್.ಎ. 88’ ಎಂಬ ಮಾನಕ, ಪಾಕದ ವಿಧಾನ ಬೇರೆ, ಪಾತ್ರೆ ಬೇರೆ ಎಂಬ ತತ್ವವನ್ನು ಬ್ಯಾಚ್ ಕಾರ್ಖಾನೆಗಳಿಗೆ ಕೊಟ್ಟಿತು. ಒಂದೇ ತೊಟ್ಟಿಯಲ್ಲಿ ಇಂದು ಒಂದು ಔಷಧಿ, ನಾಳೆ ಇನ್ನೊಂದನ್ನು ತಪ್ಪಿಲ್ಲದೆ ಬೆರೆಸುವುದು ಇದರಿಂದ ಸುಲಭವಾಯಿತು.

ಕಾಗದದ ಮೇಲಿನ ಅಂಕಿ

ಹಾಗಾದರೆ ಸಮಸ್ಯೆ ಮುಗಿಯಿತೇ? ಮೂರು ಊರುಗಳ ಅನುಭವ ಬೇರೆಯೇ ಹೇಳುತ್ತದೆ.

1988ರ ಜುಲೈ 6ರಂದು ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಕ್ಯಾಮಲ್‌ಫರ್ಡ್ ಸಮೀಪದ ಘಟಕಕ್ಕೆ ಬದಲಿ ಚಾಲಕನೊಬ್ಬ ಟ್ಯಾಂಕರ್ ತಂದ. ಕೆಸರು ತಳಕ್ಕಿಳಿಸಲು ಬಳಸುವ 20 ಟನ್ ಅಲ್ಯೂಮಿನಿಯಂ ಸಲ್ಫೇಟ್ ಅದರಲ್ಲಿತ್ತು. ಸ್ಥಳದಲ್ಲಿ ಯಾರೂ ಇರಲಿಲ್ಲ. ಅವನು ಅದನ್ನು ಶುದ್ಧ ನೀರು ಊರಿಗೆ ಹೊರಡುವ ತೊಟ್ಟಿಗೇ ಸುರಿದ. ಸುಮಾರು 20,000 ಜನರ ಮನೆಗಳಿಗೆ ಆಮ್ಲೀಯ ನೀರು ಹರಿಯಿತು. ಅಧಿಕಾರಿಗಳು ಕಾರಣವನ್ನು ಜನರಿಗೆ ಬಹಿರಂಗಪಡಿಸಿದ್ದು ಎರಡು ವಾರಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.

2021ರ ಫೆಬ್ರುವರಿ 5ರಂದು ಅಮೆರಿಕದ ಫ್ಲಾರಿಡಾದ ಓಲ್ಡ್ಸ್‌ಮಾರ್ ಘಟಕದಲ್ಲಿ ಗಣಕದ ತೆರೆಯ ಮೇಲೆ ಕಾಸ್ಟಿಕ್ ಸೋಡಾದ ಪ್ರಮಾಣ ಹತ್ತು ಲಕ್ಷಕ್ಕೆ 100 ಪಾಲು ಇದ್ದದ್ದು 11,100 ಪಾಲಿಗೆ ಏರಿತು. ಪಾಳಿಯಲ್ಲಿದ್ದವನು ಕೂಡಲೇ ಕಂಡು ಅದನ್ನು ಕೆಳಗಿಳಿಸಿದ. ಹೊರಗಿನವರು ಗಣಕಕ್ಕೆ ನುಗ್ಗಿ ಮಾಡಿದ್ದೆಂದು ಆಗ ದೊಡ್ಡ ಸುದ್ದಿಯಾಯಿತು. ಒಳಗಿನವರದೇ ಕೈತಪ್ಪಿರಬಹುದೆಂದು ಆಗ ಆ ನಗರದ ಆಡಳಿತ ನೋಡಿಕೊಳ್ಳುತ್ತಿದ್ದ ಅಧಿಕಾರಿಯೇ 2023ರಲ್ಲಿ ಹೇಳಿದರು. ಏನೇ ಇರಲಿ, ಊರನ್ನು ಕಾಪಾಡಿದ್ದು ತೆರೆ ನೋಡುತ್ತ ಕುಳಿತಿದ್ದ ಒಬ್ಬ ಮನುಷ್ಯ.

ಇವೆರಡಕ್ಕಿಂತ ಮನಸ್ಸು ಕಲಕುವುದು ಕೆನಡಾದ ವಾಕರ್ಟನ್. ಸುಮಾರು 5,000 ಜನರ ಈ ಊರಿಗೆ ಕೊಳವೆಬಾವಿಗಳಿಂದ ನೀರು ಬರುತ್ತಿತ್ತು. 2000ದ ಮೇ ತಿಂಗಳಲ್ಲಿ ಬಿದ್ದ ಜೋರು ಮಳೆಗೆ ಹೊಲಕ್ಕೆ ಹಾಕಿದ್ದ ಸಗಣಿ ಗೊಬ್ಬರ ತೊಳೆದು ಒಂದು ಬಾವಿಯ ನೀರಿಗೆ ಸೇರಿತು. ಅದರೊಂದಿಗೆ ಮಾರಕ ಇ. ಕೋಲಿ ರೋಗಾಣುವೂ ಸೇರಿತು. ಸಾಕಷ್ಟು ಕ್ಲೋರಿನ್ ಇದ್ದಿದ್ದರೆ ಅದು ಸಾಯುತ್ತಿತ್ತು. 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ತೀರಿಕೊಂಡರು.

ನ್ಯಾಯಮೂರ್ತಿ ಡೆನಿಸ್ ಓಕಾನರ್ ನಡೆಸಿದ ವಿಚಾರಣೆಯಲ್ಲಿ ಹೊರಬಂದ ಸಂಗತಿ ಇದು: ಅಲ್ಲಿನ ನೌಕರರು ವರ್ಷಗಳಿಂದ ಬೇಕಾದಷ್ಟು ಕ್ಲೋರಿನ್ ಹಾಕುತ್ತಿರಲಿಲ್ಲ. ದಿನವೂ ಉಳಿಕೆ ಅಳೆಯಬೇಕಿದ್ದವರು ಅಳೆಯದೆಯೇ ದಾಖಲೆ ಪುಸ್ತಕದಲ್ಲಿ ಒಂದು ಅಂಕಿ ಬರೆದಿಡುತ್ತಿದ್ದರು. ನೀರು ಕೆಟ್ಟಿದೆಯೆಂಬ ಪ್ರಯೋಗಾಲಯದ ವರದಿ ಕೈಗೆ ಬಂದ ಮೇಲೂ ಆರೋಗ್ಯಾಧಿಕಾರಿಗಳಿಗೆ ತಿಳಿಸಲಿಲ್ಲ. ಆ ಬಾವಿಗೆ ಕ್ಲೋರಿನ್ ಉಳಿಕೆಯನ್ನೂ ನೀರಿನ ಕದಡನ್ನೂ ಸತತವಾಗಿ ಅಳೆಯುವ ಯಂತ್ರಗಳಿದ್ದಿದ್ದರೆ ಈ ದುರಂತವನ್ನು ತಪ್ಪಿಸಬಹುದಿತ್ತು ಎಂದು 2002ರ ಆ ವರದಿ ಹೇಳಿತು.

ಗಮನಿಸಿ, ಅಲ್ಲಿ ಕ್ಲೋರಿನ್ ಹಾಕುವ ಯಂತ್ರ ಇತ್ತು. ಇರದಿದ್ದದ್ದು ಹಾಕಿದ್ದು ಸಾಕಾಯಿತೇ ಎಂದು ಪ್ರಾಮಾಣಿಕವಾಗಿ ಕೇಳುವ ಕಣ್ಣು. ಹೀರೋನ ನಾಣ್ಯದ ಪೆಟ್ಟಿಗೆಯಂತೆ ಅದು ತನಗೆ ಹೇಳಿದಷ್ಟು ಹಾಕುತ್ತ ನಿಂತಿತ್ತು.

ನೀರುಗಂಟಿಯ ಕೈ

ಇದು ದೂರದ ದೇಶಗಳ ಮಾತು ಎಂದು ನಾವು ನಿಶ್ಚಿಂತರಾಗಿರುವಂತಿಲ್ಲ. ಬೆಂಗಳೂರಿಗೆ ಹೆಸರಘಟ್ಟ ಕೆರೆಯಿಂದ ಕೊಳವೆ ನೀರು ಬಂದದ್ದು 19ನೇ ಶತಮಾನದ ಕೊನೆಯಲ್ಲಿ. ಆ ನೀರನ್ನು ಸೋಸುತ್ತಿದ್ದ ಮಲ್ಲೇಶ್ವರದ ಘಟಕದ ‘ಜ್ಯೂಯಲ್ ಫಿಲ್ಟರ್’ ಎಂಬ ಹೆಸರು ಇಂದಿಗೂ ಉಳಿದಿದೆ. 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾದ ನೀರು ಸುಮಾರು 100 ಕಿ.ಮೀ. ದೂರ ಸಾಗಿ ಬೆಟ್ಟದಷ್ಟು ಎತ್ತರ ಏರಿ ರಾಜಧಾನಿಯನ್ನು ಸೇರಬೇಕು. ಅಷ್ಟು ದೂರದ ದಾರಿಯಲ್ಲಿಯೂ ಅದರಲ್ಲಿ ಕ್ಲೋರಿನ್ ಉಳಿದಿರಬೇಕು. ಒಡೆದ ಕೊಳವೆಯೊಂದಕ್ಕೆ ಚರಂಡಿಯ ನೀರು ಸೇರಿದರೆ ಮೊದಲು ಎದುರು ನಿಲ್ಲುವುದು ಈ ಉಳಿಕೆಯೇ.

ಹಳ್ಳಿಗಳ ಮಾತು ಬೇರೆ. ಅಲ್ಲಿ ಪ್ರಮಾಣ ನಿಯಂತ್ರಕ ಎಂದರೆ ಬಹುತೇಕ ಕಡೆ ಗ್ರಾಮ ಪಂಚಾಯಿತಿಯ ನೀರುಗಂಟಿ. ಹಿಂದೆ ಕೆರೆಯ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಅಳೆದು ಬಿಡುತ್ತಿದ್ದವನು ನೀರುಗಂಟಿ. ಇಂದು ಓವರ್‌ಹೆಡ್ ಟ್ಯಾಂಕಿನ ಮೋಟರು ಹಾಕುವವನೂ, ಏಣಿ ಹತ್ತಿ ಬ್ಲೀಚಿಂಗ್ ಪೌಡರ್ ಬೆರೆಸುವವನೂ ಅವನೇ. ಬೆಂಗಳೂರಿನ ಘಟಕದಲ್ಲಿ ಮಾಪಕಗಳು ಮಾಡುವ ಕೆಲಸವನ್ನು ಅವನು ಕೈಯಂದಾಜಿನಲ್ಲಿ ಮಾಡಬೇಕು. ಪುಡಿಯಾದರೂ ಇದ್ದಂತೆ ಇರುತ್ತದೆಯೇ? ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೆಯ ಒಂದು ಭಾಗದಷ್ಟು ಬಳಕೆಗೆ ಬರುವ ಕ್ಲೋರಿನ್ ಇದ್ದರೆ, ಬಾಯಿ ಬಿಚ್ಚಿಟ್ಟ ಚೀಲದಲ್ಲಿ ಅದು ದಿನದಿನಕ್ಕೂ ಕುಗ್ಗುತ್ತದೆ. ನಿನ್ನೆಯಷ್ಟೇ ಪುಡಿ ಹಾಕಿದರೂ ನಿನ್ನೆಯಷ್ಟೇ ಔಷಧಿ ಹಾಕಿದಂತಾಗುವುದಿಲ್ಲ.

ಹಣವಿಲ್ಲದೆಡೆ ಜಾಣ್ಮೆಯೇ ಯಂತ್ರವಾದ ಉದಾಹರಣೆಯೂ ನಮ್ಮಲ್ಲಿದೆ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ಬಾವಿಗಳಿಗಾಗಿ ಜೋಡಿ ಮಡಕೆಯ ವಿಧಾನವನ್ನು ರೂಪಿಸಿತು. ಒಂದು ಕಿಲೋ ಬ್ಲೀಚಿಂಗ್ ಪೌಡರ್, ಎರಡು ಕಿಲೋ ದಪ್ಪ ಮರಳು ಬೆರೆಸಿ ತೂತಿರುವ ಸಣ್ಣ ಮಡಕೆಗೆ ತುಂಬಬೇಕು. ಅದನ್ನು ತೂತಿರುವ ದೊಡ್ಡ ಮಡಕೆಯೊಳಗಿಟ್ಟು ಬಾಯಿ ಕಟ್ಟಿ, ಹಗ್ಗದಿಂದ ಬಾವಿಯ ನೀರಿನೊಳಕ್ಕೆ ಒಂದು ಮೀಟರ್ ಇಳಿಬಿಡಬೇಕು. ಸುಮಾರು 4,500 ಲೀಟರ್ ನೀರಿರುವ ಮನೆಬಾವಿಗೆ ಇದು ಎರಡು ಮೂರು ವಾರ ಕ್ಲೋರಿನ್ ಒದಗಿಸುತ್ತದೆ. ತಂತಿಯಿಲ್ಲ, ಗಣಕವಿಲ್ಲ. ಕುಂಬಾರನ ಎರಡು ಮಡಕೆ ಮತ್ತು ಒಂದೊಂದು ತೂತು. ಅಲೆಕ್ಸಾಂಡ್ರಿಯದ ಯಂತ್ರಶಿಲ್ಪಿಗಳು ಕಂಡಿದ್ದರೆ ತಲೆದೂಗುತ್ತಿದ್ದರು.

ಆದರೆ ಮಡಕೆಯೂ ಮೂರನೆಯ ಪ್ರಶ್ನೆಯನ್ನು ಕೇಳುವುದಿಲ್ಲ. ಅದನ್ನು ಕೇಳಲು ಒಂದು ಸಣ್ಣ ಗಾಜಿನ ನಳಿಗೆ ಬೇಕು. ಹಿಂದೆ ಆರ್ಥೊಟಾಲಿಡಿನ್ ಹನಿ ಹಾಕಿ ನೀರು ಹಳದಿಯಾಗುವುದನ್ನು ನೋಡುತ್ತಿದ್ದರು. ಅದು ಕ್ಯಾನ್ಸರಿಗೆ ಕಾರಣವಾಗಬಹುದೆಂದು ತಿಳಿದ ಮೇಲೆ ಡಿ.ಪಿ.ಡಿ. ಎಂಬ ವಸ್ತು ಬಂದಿದೆ. ಕ್ಲೋರಿನ್ ಉಳಿದಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಬೇಕೆಂದು ಗೊತ್ತುಮಾಡಲಾಯಿತು. ಇದು ಸಣ್ಣ ಸಂಗತಿಯಲ್ಲ. ಹಾಕುವವನೊಬ್ಬ, ನೋಡುವವರು ಬೇರೆಯವರು ಎಂಬ ವ್ಯವಸ್ಥೆ ವಾಕರ್ಟನ್ನಿನಲ್ಲಿ ಇದ್ದಿದ್ದರೆ ಏಳು ಜೀವ ಉಳಿಯುತ್ತಿದ್ದವು.

ಮಳೆಗಾಲ ಬಂತೆಂದರೆ ಕಲುಷಿತ ನೀರು ಕುಡಿದು ವಾಂತಿಭೇದಿಯಾದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಇನ್ನೂ ಕಾಣಿಸಿಕೊಳ್ಳುತ್ತದೆ. ಆಗ ಎಲ್ಲರೂ ಕೇಳುವುದು ಕ್ಲೋರಿನ್ ಹಾಕಿದ್ದರೇ ಎಂದು. ಹಾಕಿದ್ದೇವೆ ಎಂಬ ಉತ್ತರವೂ ಪುಸ್ತಕದಲ್ಲಿ ಸಿಗುತ್ತದೆ. ಅದಕ್ಕಿಂತ ಮುಂಚೆ, ಯಾರೂ ಕಾಯಿಲೆ ಬೀಳದ ದಿನಗಳಲ್ಲಿ, ಊರಿನ ಕೊನೆಯ ನಲ್ಲಿಯಿಂದ ನಳಿಗೆಯಲ್ಲಿ ನೀರು ಹಿಡಿದು ಅದು ಗುಲಾಬಿಯಾಯಿತೇ ಎಂದು ನೋಡಬೇಕಾಗಿದೆ.